ಅಣ್ಣನ ಹಾಜರಿ

ಬಿ.ಎ. ಮೊದಲ ವರ್ಷದ ಮೊದಲ ದಿನ ನಾವು ಇಡೀ ತರಗತಿ ಎದ್ದು ನಿಂತು ನಮಸ್ಕಾರ ಹೇಳಿದ್ದು ಒಬ್ಬ ವಿದ್ಯಾರ್ಥಿಗೆ. ನಮ್ಮ ತಪ್ಪೇನೂ ಇರಲಿಲ್ಲ. ಬಾಗಿಲಲ್ಲಿ ಬಂದು ನಿಂತವರಿಗೆ ಮೂವತ್ತೈದು ದಾಟಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಚ್ಚುಕಟ್ಟಾಗಿ ಕತ್ತರಿಸಿದ ಮೀಸೆ, ಮುಖ ಕಾಣುವಷ್ಟು ಹೊಳೆಯುವ ಕರಿ ಬೂಟು. ಇಂಥವರು ಲೆಕ್ಚರರ್ ಅಲ್ಲದೆ ಇನ್ನೇನಾಗಿರಲು ಸಾಧ್ಯ? ಅವರು ನಮ್ಮ ನಮಸ್ಕಾರ ಕೇಳಿ ಗಾಬರಿಯಿಂದ ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. "ಕುಂಡ್ರಿ, ಕುಂಡ್ರಿ. ನಾನೂ ನಿಮ್ಮ ಪೈಕಿನ" ಎಂದು ಹೇಳಿ, ಸೀದಾ ಬಂದು ಮುಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತರು. ನಾನು ಆ ಬೆಂಚಿನಲ್ಲಿದ್ದದ್ದು ಓದುವ ಉಮೇದಿಯಿಂದಲ್ಲ, ಹಿಂದಿನ ಬೆಂಚುಗಳೆಲ್ಲ ಆಗಲೇ ತುಂಬಿದ್ದವು. ಹೀಗೆ ನನಗೂ ದಾವಲಸಾಬ ನದಾಫರಿಗೂ ಒಂದೇ ಬೆಂಚಾಯಿತು.

ಗದಗ ಆಗಷ್ಟೇ ಬೇರೆ ಜಿಲ್ಲೆಯಾಗಿತ್ತು. ಕಚೇರಿಗಳ ಬೋರ್ಡಿನ ಮೇಲೆ ಹಳೆಯ ಜಿಲ್ಲೆಯ ಹೆಸರು ಅಳಿಸಿ ಬರೆದ ಬಣ್ಣದ ಅಡಿಯಿಂದ ಹಳೆಯ ಅಕ್ಷರ ಇನ್ನೂ ಇಣುಕುತ್ತಿತ್ತು. ನಾನು ಹಮ್ಮಿಗಿಯಿಂದ ಬಂದು ಬೆಟಗೇರಿಯಲ್ಲಿ ಒಂದು ಖೋಲಿ ಹಿಡಿದಿದ್ದೆ. ನಮಗೆ ಮುಂಡರಗಿಯಲ್ಲಿ ಗೊಬ್ಬರದ ಅಂಗಡಿ ಇತ್ತು. ಪಾಸಾದರೂ ಫೇಲಾದರೂ ನಾನು ಕೂರುವುದು ಆ ಅಂಗಡಿಯ ಗಲ್ಲಾದ ಮುಂದೆಯೇ ಎಂಬುದು ಮೊದಲೇ ನಿಶ್ಚಯವಾಗಿದ್ದರಿಂದ ಕಾಲೇಜು ನನ್ನ ಪಾಲಿಗೆ ಒಂದು ದೊಡ್ಡ ರಜೆ. ದಾವಲಸಾಬರದು ಹಾಗಲ್ಲ. ಅವರು ಹದಿನೇಳು ವರ್ಷ ಮಿಲಿಟರಿಯಲ್ಲಿ ದುಡಿದು, ಹವಾಲ್ದಾರರಾಗಿ ನಿವೃತ್ತರಾಗಿ, ಆ ಪೆನ್ಶನ್ನಿನಿಂದ ಫೀ ಕಟ್ಟಿ ಬಂದವರು. ದಿನಾ ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದರು. ವಾರ ಕಳೆಯುವುದರೊಳಗೆ ಅವರಿಗೆ ಮಿಲ್ಟ್ರಿ ಕಾಕಾ ಎಂದು ಹೆಸರು ಬಿತ್ತು.

ಕಾಕಾ ತರಗತಿಗೆ ಬಂದವರೇ ಮೊದಲು ಬೆಂಚುಗಳನ್ನು ನೋಡುತ್ತಿದ್ದರು. ಒಂದು ಬೆಂಚು ತುಸು ಸೊಟ್ಟಗಿದ್ದರೂ ಅವರಿಗೆ ಸಹಿಸುತ್ತಿರಲಿಲ್ಲ. ಎರಡೂ ತುದಿ ಹಿಡಿದು ಸಾಲಿಗೆ ತಂದು, ಒಂದು ಕಣ್ಣು ಮುಚ್ಚಿ ಸರಿಯಾಯಿತೋ ಇಲ್ಲವೋ ಎಂದು ಪರೀಕ್ಷಿಸಿ ಆಮೇಲೆ ಕೂರುವುದು. ಕ್ಲಾಸಿಗೆ ಪರೇಡ್ ಎನ್ನುತ್ತಿದ್ದರು, ಮನೆಪಾಠಕ್ಕೆ ಡ್ಯೂಟಿ ಎನ್ನುತ್ತಿದ್ದರು. ನಾವು ಸಿನಿಮಾಕ್ಕೆ ಹೊರಟರೆ ಬಾಗಿಲಿಗೆ ಅಡ್ಡ ನಿಂತು, "ಲೇ, ಇದು ನಿಮ್ಮಪ್ಪ ಕೊಟ್ಟ ಕಾಲೇಜು, ಅದಕ್ಕ ನಿಮಗ ಹಗುರ ಆಗೇತಿ" ಎಂದು ಬೈಯುತ್ತಿದ್ದರು. ನಾವು ಕಿಟಕಿಯಿಂದ ಹಾರಿ ಹೋಗುತ್ತಿದ್ದೆವು.

ಹಾಗೆಂದು ಅವರು ಭಾರೀ ಬುದ್ಧಿವಂತ ವಿದ್ಯಾರ್ಥಿಯೇನೂ ಆಗಿರಲಿಲ್ಲ. ಇಂಗ್ಲಿಷ್ ವ್ಯಾಕರಣ ಅವರಿಗೂ ನನಗೂ ಸಮನಾಗಿ ದೂರ. ಅರ್ಥಶಾಸ್ತ್ರದ ತಾಸಿನಲ್ಲಂತೂ ಕಾಕಾ ಬೆನ್ನು ನೆಟ್ಟಗೆ, ಕಣ್ಣು ತೆರೆದು, ಬೋರ್ಡು ನೋಡುತ್ತಲೇ ನಿದ್ದೆ ಹೊಡೆಯುತ್ತಿದ್ದರು. ಪಹರೆ ಕಾಯುವಾಗ ಕಲಿತ ವಿದ್ಯೆಯಂತೆ. ಗೊರಕೆ ಬಂದರೆ ಮೊಣಕೈಯಿಂದ ತಿವಿಯುವ ಕೆಲಸ ನನಗೆ ಬಂದಿತ್ತು. ತಿವಿದ ಕೂಡಲೇ ಎದ್ದು ನಿಂತು "ಸರ್!" ಎನ್ನುತ್ತಿದ್ದರು. ಪಾಪ, ಅರ್ಥಶಾಸ್ತ್ರದ ಮೇಷ್ಟ್ರು ಇವರಿಗೆ ಏನೋ ಸಂದೇಹವಿದೆ ಎಂದು ತಿಳಿದು ಅದೇ ಪಾಠವನ್ನು ಮತ್ತೊಮ್ಮೆ ಹೇಳುತ್ತಿದ್ದರು.

ಯುದ್ಧದ ಕತೆ ಹೇಳಿರೆಂದು ನಾವು ಬೆನ್ನು ಹತ್ತಿದೆವು. ಕಾಶ್ಮೀರ, ಹಿಮ, ಬಾಂಬು, ಏನಾದರೂ ಸಿಕ್ಕೀತೆಂಬ ಆಸೆ ನಮ್ಮದು. ಕಾಕಾ ನಿರಾಸೆ ಮಾಡಿದರು. "ನಮ್ಮದು ಅರಳಿ ಹಿಂಜೋ ಮನಿತನ. ನಮ್ಮಪ್ಪ ಊರೂರಿಗೆ ಹೋಗಿ ಗಾದಿ ಮಾಡಿಕೊಡತಿದ್ದ. ಮಿಲ್ಟ್ರಿಯಾಗ ಸಾಹೇಬ ಕೇಳಿದ, ನಿಮ್ಮನ್ಯಾಗ ಏನ್ ಕೆಲಸ ಮಾಡತೀರಿ ಅಂತ. ಇದ್ದದ್ದು ಹೇಳಿದೆ. ಆತು, ಸ್ಟೋರಿಗೆ ಹಾಕಿ ಕಂಬಳಿ, ಗಾದಿ ನನ್ನ ಕೈಯಾಗ ಕೊಟ್ರು. ಗಾದಿ ಬ್ಯಾಡಂತ ಲಕ್ಷ್ಮೇಶ್ವರ ಬಿಟ್ಟು ಓಡಿ ಹೋಗಿ, ಹಿಮದಾಗ ಕುಂತು ಗಾದಿ ಎಣಸಿದೆ ನೋಡು." ಹೀಗೆ ಹೇಳಿ ತಾವೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಅವರು ಮಿಲಿಟರಿ ಸೇರಿದ ಕಾರಣ ನನಗೆ ತಿಳಿದದ್ದು ಬಸ್‌ಸ್ಟ್ಯಾಂಡಿನಲ್ಲಿ. ಸಂಜೆ ಲಕ್ಷ್ಮೇಶ್ವರದ ಬಸ್ಸು ಬರುವವರೆಗೆ ಅವರು ಅಲ್ಲಿ ಮಿರ್ಚಿ ಭಜಿ ತಿನ್ನುತ್ತ ನಿಲ್ಲುತ್ತಿದ್ದರು, ಮಿರ್ಚಿಯ ಆಸೆಗೆ ನಾನೂ ನಿಲ್ಲುತ್ತಿದ್ದೆ. ಪಿ.ಯು.ಸಿ. ಮುಗಿಸಿ ಅವರು ಇದೇ ಕಾಲೇಜಿಗೆ ಸೇರಿದ್ದರಂತೆ. ಮಳೆಗಾಲ ಮುಗಿಯುವ ತನಕ ಬಂದೂ ಇದ್ದರಂತೆ. ತಮ್ಮ ಆಗ ಕನ್ನಡ ಶಾಲೆಯಲ್ಲಿದ್ದ, ಓದಿನಲ್ಲಿ ಚುರುಕು. ಅಪ್ಪ ಅರಳೆ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಶಿರಹಟ್ಟಿಯಿಂದ ಡೋಣಿಯ ತನಕ ಎಲ್ಲಿ ಕರೆದರೆ ಅಲ್ಲಿಗೆ ಹೋಗುತ್ತಿದ್ದ. ಆ ದುಡಿಮೆಯಲ್ಲಿ ಒಬ್ಬನ ಓದೇ ಸಾಗುವಂತಿರಲಿಲ್ಲ.

"ಅಪ್ಪಗ ಹೇಳಿದೆ, ಇಬ್ಬರ ಕಾಲೇಜು ಆಗಬೇಕಂದ್ರ ಒಬ್ಬಾಂವ ಹೊರಗ ಹೋಗಿ ದುಡೀಬೇಕು. ನಾ ಭರ್ತಿ ಆಗತೀನಿ. ಮೊದಲ ಸಣ್ಣಾಂವಂದು ಆಗಲಿ, ಆಮ್ಯಾಲೆ ಬಂದು ನಂದು ಮುಗಿಸ್ತೀನಿ ಅಂತ. ಅಪ್ಪ ಅತ್ತಬಿಟ್ಟ. ಅಂವ ತಿಳಕೊಂಡಿದ್ದ, ಮಿಲ್ಟ್ರಿಗೆ ಹೋದಾಂವ ಮತ್ತ ಎಲ್ಲಿ ಕಾಲೇಜಿಗೆ ಬರತಾನ ಅಂತ."

ಅಪ್ಪ ತಿಳಿದದ್ದು ಎಲ್ಲರೂ ತಿಳಿಯುವಂಥದ್ದೇ. ಕೆಲವೇ ವರ್ಷಗಳಲ್ಲಿ ಆ ಅಪ್ಪ ತೀರಿಕೊಂಡ, ಕಾಕಾ ಬಂದು ಮುಟ್ಟುವುದರೊಳಗೆ ಮಣ್ಣಾಗಿತ್ತು. ತಮ್ಮನನ್ನು ಹೈಸ್ಕೂಲು, ಕಾಲೇಜು, ಎಂ.ಎ. ತನಕ ಓದಿಸಿದ್ದು ಕಾಕಾನ ಸಂಬಳ. ಮದುವೆಯಾದರು, ಎರಡು ಹೆಣ್ಣುಮಕ್ಕಳಾದವು. ನಿವೃತ್ತರಾಗಿ ಬಂದಾಗ ಊರಿನವರೆಲ್ಲ ಹೇಳಿದ್ದು ಒಂದೇ ಮಾತು, ಮಾಜಿ ಸೈನಿಕರಿಗೆ ಬ್ಯಾಂಕಿನಲ್ಲಿ ಕಾವಲಿನ ನೌಕರಿ ಸಿಗುತ್ತದೆ, ಅರ್ಜಿ ಹಾಕು. ಕಾಕಾ ಮಾತ್ರ ಹೆಂಡತಿಯ ಮುಂದೆ ಕೂತು, ಓದಲು ಮೂರು ವರ್ಷ ಬಿಟ್ಟುಕೊಡು ಎಂದು ಕೇಳಿಕೊಂಡರು. ಆಕೆ, "ಮೂರಂದ್ರ ಮೂರ ವರ್ಷ. ಒಂದ್ ಸಲ ಫೇಲಾದ್ರೂ ಸೀದಾ ನೌಕರಿಗೆ ಹೋಗಬೇಕು. ನಾಕನೇ ವರ್ಷ ನನ್ನ ಕೇಳಬ್ಯಾಡ್ರಿ" ಎಂದಳಂತೆ. ಅಷ್ಟು ವರ್ಷ ಗಂಡನ ದಾರಿ ಕಾದವಳು ಹೇಳಿದ ಮಾತು. ಅದನ್ನು ಮೀರುವ ಯೋಚನೆ ಕಾಕಾಗೆ ಬರಲೇ ಇಲ್ಲ.

ಇಷ್ಟೆಲ್ಲ ಹೇಳಿದ ಕಾಕಾ ಒಂದು ಸಂಗತಿಯನ್ನು ಹೇಳಿರಲಿಲ್ಲ. ಅದು ನಮಗೆ ಇತಿಹಾಸದ ಮೊದಲ ತಾಸಿನಲ್ಲಿ ತಿಳಿಯಿತು.

ಇತಿಹಾಸ ಕಲಿಸುವವರು ಹುಸೇನಸಾಬ ನದಾಫ. ನದಾಫ ಸರ್ ಎಂದರೆ ಕಾಲೇಜಿಗೇ ಒಳ್ಳೆಯ ಮೇಷ್ಟ್ರೆಂದು ಸೀನಿಯರ್‌ಗಳು ಹೇಳಿದ್ದರು. ಅವರು ಒಳಗೆ ಬಂದರು, ನಾವು ಎದ್ದೆವು, ಕೂರಿ ಎಂದರು, ಕೂತೆವು. ಕಾಕಾ ಕೂರಲಿಲ್ಲ. ಮೇಲಧಿಕಾರಿ ಕೂತ ಮೇಲೆ ತಾನು ಕೂರುವುದು ಮಿಲಿಟರಿಯ ರಿವಾಜು, ಅದನ್ನು ಅವರು ಎಲ್ಲ ತಾಸುಗಳಲ್ಲೂ ಪಾಲಿಸುತ್ತಿದ್ದರು. ಸರ್ ಕುರ್ಚಿಯ ಹತ್ತಿರ ಹೋದವರು ಹಾಗೇ ನಿಂತರು. ಕಾಕಾ ಅವರನ್ನು ನೋಡುತ್ತಾರೆ, ಸರ್ ನೆಲ ನೋಡುತ್ತಾರೆ. ಸರ್ ಮತ್ತೊಮ್ಮೆ "ಕುಂಡ್ರಿ" ಎಂದರು, ಕಾಕಾ ಕದಲಲಿಲ್ಲ. ನಮ್ಮದೇನೋ ತಪ್ಪಿರಬೇಕೆಂದು ಹಿಂದಿನ ಬೆಂಚಿನವರು ಮತ್ತೆ ಎದ್ದು ನಿಂತರು. ಆ ಗೊಂದಲದಲ್ಲಿ ಲಕ್ಷ್ಮೇಶ್ವರದ ಒಬ್ಬ ಹುಡುಗಿ ಪಿಸುಗುಟ್ಟಿದಳು, "ಅಣ್ಣ-ತಮ್ಮರು."

ಆ ಮನೆಯಲ್ಲಿ ಅಣ್ಣ ನಿಂತಿರುವಾಗ ತಮ್ಮ ಕೂರುವ ಪದ್ಧತಿಯೇ ಇರಲಿಲ್ಲ. ಅಣ್ಣನ ಮುಂದೆ ಗಟ್ಟಿಯಾಗಿ ಮಾತನಾಡುವಂತಿಲ್ಲ, ಅಣ್ಣ ಊಟಕ್ಕೆ ಕೂರದೆ ಗಂಗಾಳಕ್ಕೆ ಕೈ ಹಾಕುವಂತಿಲ್ಲ. ಅಪ್ಪನಿಲ್ಲದ ಮನೆಯಲ್ಲಿ ಆ ಅಣ್ಣನೇ ಅಪ್ಪ. ಕೊನೆಗೆ ಸರ್ ಒಂದು ಉಪಾಯ ಕಂಡುಕೊಂಡರು. ತಿರುಗಿ ಬೋರ್ಡಿನ ಮೇಲೆ ಬರೆಯತೊಡಗಿದರು. ಬೆನ್ನು ಮಾಡಿದ ಮೇಷ್ಟ್ರ ಮುಂದೆ ಕೂರಬಹುದೆಂದು ಕಾಕಾಗೂ ಅನಿಸಿರಬೇಕು, ಕೂತರು. ಅಂದಿನಿಂದ ನದಾಫ ಸರ್ ನಮಗೆ ಬೆನ್ನು ತೋರಿಸಿಯೇ ಪಾಠ ಮಾಡಿದರು. ಗೋಡೆಗೆ ಹೇಳಿದ್ದು ನಮಗೆ ಅರ್ಧ ಕೇಳಿಸುತ್ತಿತ್ತು. ಮೌರ್ಯರು ಬಂದದ್ದೂ ಹೋದದ್ದೂ ನಮಗೆ ಸರಿಯಾಗಿ ಗೊತ್ತಾಗಲಿಲ್ಲ.

ತಮ್ಮನ ಮನೆ ಗದಗದಲ್ಲೇ ಇರುವಾಗ ದಿನಾ ಯಾಕೆ ಬಸ್ಸಿನಲ್ಲಿ ಒದ್ದಾಡುತ್ತೀರಿ ಎಂದು ನಾನು ಕೇಳಿದೆ. "ವಿದ್ಯಾರ್ಥಿ ಆದಾಂವ ಸರ್ ಮನ್ಯಾಗ ಇದ್ರ ಮಂದಿ ಏನಂತಾರ? ಮಾರ್ಕ್ಸ್ ಹಾಕಿಸ್ಕೊಳ್ಳಾಕ ಕುಂತಾನ ಅಂತಾರ" ಎಂದರು. ಅದೇ ಕಾರಣಕ್ಕೆ ಕಾಲೇಜಿನ ಒಂದು ಮಾತನ್ನೂ ಅವರು ತಮ್ಮನ ಹತ್ತಿರ ಆಡುತ್ತಿರಲಿಲ್ಲ. ತಮ್ಮನಿಗಂತೂ ಅಣ್ಣನನ್ನು ತಾನಾಗಿ ಮಾತನಾಡಿಸುವ ಧೈರ್ಯವೇ ಇಲ್ಲ.

ಹಾಜರಿಯ ಎಡವಟ್ಟು ಶುರುವಾದದ್ದು ಇಲ್ಲಿಂದಲೇ. ಉಳಿದ ತಾಸುಗಳಲ್ಲಿ ನಂಬರ್ ಕರೆದರೆ ಕಾಕಾ ಎದ್ದು ನಿಂತು "ಹಾಜರ್ ಸರ್!" ಎಂದು ಕೂಗುತ್ತಿದ್ದ ಅಬ್ಬರಕ್ಕೆ ಪಕ್ಕದ ಕೋಣೆಯ ಪಾಠ ಒಂದು ಕ್ಷಣ ನಿಲ್ಲುತ್ತಿತ್ತು. ನದಾಫ ಸರ್ ಮಾತ್ರ ಆ ನಂಬರ್ ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದರು. ನಂಬರೇ ಆದರೂ, ಕರೆದರೆ ಎದ್ದು ನಿಂತು ತನಗೆ ಸರ್ ಎನ್ನುವವನು ಅಣ್ಣ. ಅದನ್ನು ಅವರಿಂದ ಸಹಿಸಲಾಗುತ್ತಿರಲಿಲ್ಲ. ಕರೆಯದೆ ಹಾಜರಿ ಹಾಕುವುದೂ ಅವರ ಮನಸ್ಸಿಗೆ ಬಾರದು, ಅಣ್ಣನೆಂದು ರಿಯಾಯಿತಿ ಮಾಡಿದಂತಾಗುತ್ತದಲ್ಲ. ಹಾಗಾಗಿ ಜಾಗ ಖಾಲಿ ಬಿಡುತ್ತಿದ್ದರು, ಮುಂದೆ ನೋಡಿಕೊಂಡರಾಯಿತೆಂದು.

"ಕಾಕಾ, ಸರ್ ನಿಮ್ಮ ನಂಬರ್ ಬಿಟ್ಟ ಬಿಡತಾರಲ್ಲ?" ಎಂದೆ ಒಮ್ಮೆ.

"ಅಣ್ಣಗ ಹ್ಯಾಂಗ ಕರೀತಾನೋ ತಮ್ಮಾ ಅಂವ? ಎದುರಿಗೇ ಕುಂತಿರತೀನಿ, ಕಣ್ಣಿಗೆ ಕಾಣತೀನಿ. ಹಾಕ್ಕೋತಾನ ಬಿಡು" ಎಂದರು.

ಖಾಲಿ ಜಾಗವೆಂದರೆ ಗೈರು ಎಂದು ತಿಳಿದುಕೊಳ್ಳುವುದು ಕಚೇರಿಯ ಪದ್ಧತಿ. ವರ್ಷದ ಕೊನೆಗೆ ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ಕೂರುವಂತಿಲ್ಲದವರ ಹೆಸರನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ಇತಿಹಾಸದಲ್ಲಿ ಎರಡೇ ಹೆಸರು. ಒಂದು ನನ್ನದು, ಅದು ಸಿನಿಮಾ ಟಾಕೀಜಿನವರಿಗೂ ನಿರೀಕ್ಷಿತವೇ. ಇನ್ನೊಂದು ಒಂದು ದಿನವೂ ತಪ್ಪಿಸದ ಕಾಕಾನದು.

ಹುಡುಗರು ಸ್ಟ್ರೈಕ್ ಮಾಡೋಣವೆಂದು ಎದ್ದರು. ಸ್ಟ್ರೈಕಿಗೆ ನಮಗೆ ಕಾರಣವೇ ಬೇಕಿರುತ್ತಿರಲಿಲ್ಲ, ಈ ಸಲ ಕಾರಣವೂ ಸಿಕ್ಕಿತ್ತು. ಕಾಕಾ ಕೈ ಎತ್ತಿ ತಡೆದರು. "ಯಾರೂ ಗದ್ದಲ ಮಾಡಬ್ಯಾಡ್ರಿ. ಅಂವನ ನೌಕರಿಗೆ ಕುತ್ತು ಬರತೈತಿ." ಆಮೇಲೆ ಬೋರ್ಡಿನ ಮುಂದೆ ಒಬ್ಬರೇ ಬಹಳ ಹೊತ್ತು ನಿಂತಿದ್ದರು. ನಾನು ಹತ್ತಿರ ಹೋದಾಗ, "ಈ ವರ್ಷ ಹೋತಂದ್ರ ಮುಗೀತು ತಮ್ಮಾ. ಆಕಿಗೆ ಮಾತು ಕೊಟ್ಟೀನಿ" ಎಂದರು. ಅವರ ಮುಖ ಅಷ್ಟು ಇಳಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ನಿಜಕ್ಕೂ ಸಂಕಟವಾಯಿತು.

ನದಾಫ ಸರ್ ಪ್ರಿನ್ಸಿಪಾಲರ ಕೋಣೆಗೆ ಓಡಿದರು. ಬಾಗಿಲು ತೆರೆದೇ ಇತ್ತು, ನಾವು ಹೊರಗೆ ನಿಂತು ಕೇಳಿದೆವು.

"ಅವರು ದಿನಾ ಬಂದಾರ್ರೀ ಸರ್. ನಾನ ಹಾಜರಿ ಹಾಕಿಲ್ಲ."

"ಯಾಕ ಹಾಕಲಿಲ್ಲ?"

"ನಮ್ಮ ಅಣ್ಣಾರ್ರೀ."

ಪ್ರಿನ್ಸಿಪಾಲರು ನಕ್ಕರೋ ಸಿಟ್ಟಾದರೋ ತಿಳಿಯಲಿಲ್ಲ. "ಈಗ ನೀವು ತಿದ್ದಿದ್ರ ಅಣ್ಣ ಅಂತ ತಿದ್ದಿದ್ರಿ ಅಂತಾರ. ಬ್ಯಾಡ. ಸೂಟಿಯೊಳಗ ಅವರಿಬ್ಬರಿಗೂ ಸ್ಪೆಶಲ್ ಕ್ಲಾಸ್ ತಗೋರಿ. ಹೆಸರು ಹಿಡಿದು ಕರದು ಹಾಜರಿ ಹಾಕ್ರಿ. ಅಷ್ಟಾದ್ರ ನಾ ಪರೀಕ್ಷೆಗೆ ಬಿಡತೀನಿ" ಎಂದರು.

ಹೀಗೆ ಬೇಸಿಗೆ ರಜೆಯಲ್ಲಿ, ಬಿಸಿಲಿಗೆ ಕಾದ ಆ ಖಾಲಿ ಕಾಲೇಜಿನಲ್ಲಿ ನಾವು ಮೂವರೇ ಉಳಿದೆವು. ಮೊದಲ ದಿನ ಸರ್ ಬಂದರು, ನಾವಿಬ್ಬರೂ ಎದ್ದು ನಿಂತೆವು. ಅವರು ನನ್ನ ಹೆಸರು ಕರೆದರು, "ವೀರೇಶ." ನಾನು ಎಸ್ ಸರ್ ಎಂದೆ. ಸರ್ ಹಾಜರಿ ಪುಸ್ತಕ ನೋಡುತ್ತ ನಿಂತರು. ಹೊರಗೆ ಬೇವಿನ ಗಿಡದ ಕೆಳಗೆ ಜವಾನ ಮಲಗಿ ಗೊರಕೆ ಹೊಡೆಯುತ್ತಿದ್ದುದು ಕೇಳಿಸುತ್ತಿತ್ತು.

"ಅಣ್ಣಾ..." ಎಂದರು ಸರ್.

ಕಾಕಾ ಎದುರಿನ ಗೋಡೆ ನೋಡುತ್ತ, "ಆ ಹೆಸರಿನ ವಿದ್ಯಾರ್ಥಿ ಈ ಕ್ಲಾಸಿನಾಗ ಇಲ್ರೀ ಸರ್" ಎಂದರು.

"ನನ್ನ ಕಡಿಂದ ಆಗೂದಿಲ್ಲಣ್ಣಾ. ನಿಮ್ಮನ್ನ ನಿಲ್ಲಿಸಿ, ಹೆಸರು ಹಿಡಿದು... ನಾ ಉಂಡದ್ದು, ಓದಿದ್ದು ಎಲ್ಲಾ ನಿಮ್ಮದು."

ಕಾಕಾ ಆಗ ಗೋಡೆ ಬಿಟ್ಟು ತಮ್ಮನನ್ನು ನೋಡಿದರು. ದನಿಯೂ ಬದಲಾಯಿತು. ಮಿಲಿಟರಿಯದೂ ಅಲ್ಲದ, ವಿದ್ಯಾರ್ಥಿಯದೂ ಅಲ್ಲದ ಮನೆಯ ದನಿ. "ಹುಸೇನಾ, ಕೇಳಿಲ್ಲಿ. ಅಷ್ಟು ವರ್ಷ ನನ್ನ ಹೆಸರು ಯಾರ್ಯಾರೋ ಕರದ್ರು. ಪಂಜಾಬಿ ಕರದ, ಮದ್ರಾಸಿ ಕರದ, ನಿನಗಿಂತ ಸಣ್ಣ ಹುಡುಗೂರು ಸಾಹೇಬ್ರಾಗಿ ಬಂದು ಬೈದು ಕರದ್ರು. ಎಲ್ಲಾರಿಗೂ ಎದ್ದು ನಿಂತೆ. ಕಾಲೇಜಿನ್ಯಾಗ ಒಂದಿನ ಯಾರರೆ ನನ್ನ ಹೆಸರು ಕರೀಲಿ ಅಂತ ನಿಂತೆ. ಆ ಕರಿಯಾಂವ ನೀನ ಆದ್ರ ನನಗ ಸಂತೋಷಲೇ. ಕರಿ."

ಸರ್ ತಲೆ ತಗ್ಗಿಸಿ, ಬಾಯಿಪಾಠ ಮರೆತ ಮಕ್ಕಳು ಒಂದೊಂದೇ ಶಬ್ದ ಹೇಳುವ ಹಾಗೆ, "ದಾವಲಸಾಬ... ನದಾಫ" ಎಂದರು.

"ಹಾಜರ್ ಸರ್!"

ಜವಾನ ಎದ್ದು ಏನಾಯಿತೆಂದು ಓಡಿ ಬಂದ. ಸರ್ ಸೀಮೆಸುಣ್ಣ ಹಿಡಿದಿದ್ದ ಕೈಯಲ್ಲೇ ಕಣ್ಣು ಒರೆಸಿಕೊಂಡಿದ್ದರಿಂದ ಮುಖವೆಲ್ಲ ಬೆಳ್ಳಗಾಗಿತ್ತು. ಬೇರೆ ದಿನವಾಗಿದ್ದರೆ ನಾನು ನಕ್ಕು ಸಾಯುತ್ತಿದ್ದೆ. ಆಮೇಲೆ ಸರ್ ಕುರ್ಚಿ ಎಳೆದುಕೊಂಡು ಕೂತರು, ಅವರು ಕೂತ ಮೇಲೆ ಕಾಕಾ ಕೂತರು, ಕಡೆಗೆ ನಾನು. ಆ ಸೂಟಿಯಲ್ಲಿ ನದಾಫ ಸರ್ ನಮ್ಮ ಮುಖ ನೋಡಿ ಪಾಠ ಮಾಡಿದರು. ಸೀನಿಯರ್‌ಗಳು ಹೇಳಿದ್ದು ಸುಳ್ಳಲ್ಲವೆಂದು ನನಗೆ ಆಗ ತಿಳಿಯಿತು. ಇತಿಹಾಸದಲ್ಲಿ ನಾನು ಪಾಸಾದದ್ದು ಈ ಅಣ್ಣ-ತಮ್ಮರ ದೆಸೆಯಿಂದ, ನನ್ನ ಗುಣದಿಂದಲ್ಲ.

ಕಾಕಾ ಮೂರು ವರ್ಷದಲ್ಲಿ ಬಿ.ಎ. ಮುಗಿಸಿದರು. ಸೆಕೆಂಡ್ ಕ್ಲಾಸು. ಫಲಿತಾಂಶ ಬಂದ ದಿನ ನಮಗೆಲ್ಲ ಮಿರ್ಚಿ ತಿನ್ನಿಸಿ, ಸಂಜೆಯ ಬಸ್ಸಿಗೆ ಪೇಢೆ ಹಿಡಿದುಕೊಂಡು ಹತ್ತಿದರು. ಆಕೆಗೆ ಕೊಟ್ಟ ಮಾತಿನಂತೆ ಬ್ಯಾಂಕಿಗೆ ಅರ್ಜಿ ಹಾಕಿ ಕಾವಲಿನ ನೌಕರಿ ಹಿಡಿದರು. ಕೆಲವು ವರ್ಷದ ಮೇಲೆ ವರ್ಗವಾಗಿ ಮುಂಡರಗಿಗೇ ಬಂದರು. ನಾನೂ ಅಲ್ಲೇ ಗೊಬ್ಬರದ ಅಂಗಡಿಯಲ್ಲಿ ಕೂತಿದ್ದೆ. ದುಡ್ಡು ಕಟ್ಟಲು ಹೋದಾಗಲೆಲ್ಲ ಅವರು ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿರುತ್ತಿದ್ದರು. ಕಣ್ಣು ತೆರೆದಿರುತ್ತಿತ್ತು, ಎಚ್ಚರವಿದ್ದರೋ ಇಲ್ಲವೋ ಹೇಳಲಾರೆ.

ಕೊನೆಯ ಸಲ ಕಂಡಾಗ ನನ್ನನ್ನು ಪಕ್ಕಕ್ಕೆ ಕರೆದು, "ಎಂ.ಎ. ಕಟ್ಟೋಣೇನೋ ತಮ್ಮಾ? ಹಿಸ್ಟರಿ" ಎಂದರು.

"ನನಗ ಬಿ.ಎ.ನ ಹೆಚ್ಚಾಗೇತಿ ಕಾಕಾ, ನೀವು ಕಟ್ರಿ" ಎಂದೆ.

"ಕಟ್ಟತೀನಿ. ಇದೊಂದು ನೌಕರಿ ಮುಗೀಲಿ" ಎಂದು ನಕ್ಕರು.

ನೌಕರಿ ಮುಗಿಯಲಿಲ್ಲ. ಒಂದು ಬೆಳಿಗ್ಗೆ ಲಕ್ಷ್ಮೇಶ್ವರದ ಮನೆಯಲ್ಲಿ ಡ್ಯೂಟಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದವರು ಎದೆನೋವೆಂದು ಗೋಡೆಗೆ ಒರಗಿದರಂತೆ, ಅಷ್ಟೇ. ನನಗೆ ಖಬರು ತಿಳಿಯುವುದು ತಡವಾಯಿತು. ಮೂರನೆಯ ದಿನ ಲಕ್ಷ್ಮೇಶ್ವರಕ್ಕೆ ಹೋದೆ.

ಮನೆಯ ಮುಂದೆ ಜಮಖಾನೆ ಹಾಸಿತ್ತು. ನದಾಫ ಸರ್ ಒಂದು ಮೂಲೆಯಲ್ಲಿ ಕೂತಿದ್ದರು. ತಲೆಯೆಲ್ಲ ಬೆಳ್ಳಗಾಗಿತ್ತು. ಮಾಜಿ ಸೈನಿಕರು ನಾಲ್ಕಾರು ಜನ ಬಂದಿದ್ದರು. ಅವರಲ್ಲಿ ಹಿರಿಯರೊಬ್ಬರು ಕೂತವರಿಗೆಲ್ಲ ಕೇಳುವಂತೆ, ದಾವಲಸಾಬ ಸಣ್ಣ ವಯಸ್ಸಿನಲ್ಲೇ ಎಲ್ಲ ಬಿಟ್ಟು ದೇಶಕ್ಕಾಗಿ ಮಿಲಿಟರಿಗೆ ಹೋದವನು ಎಂದು ಹೊಗಳಿದರು. ಎಲ್ಲರೂ ಹೌದು ಹೌದೆಂದರು.

ಸರ್ ತಲೆ ಎತ್ತಿದರು. "ಇಲ್ರೀ" ಎಂದರು. "ಅಣ್ಣಾರು ಕಾಲೇಜಿಗೆ ಹೊಂಟಿದ್ರು. ನಡುವ ನಾ ಇದ್ದೆ, ಅದಕ್ಕ ತಡಾ ಆತು."